"ನೀ ಇದ್ದೀಯಲ್ಲ, ಕನ್ನಡಿ ಯಾಕ?": ಹಿಂದೆ ನೋಡೋ ಕಾನೂನಿನ ಕಥೆ

ಈ ವಾರದ ಮಾತಿನ ಬರಹರೂಪ ಇದು. ಕ್ಯಾಬ್ ಹತ್ತಿದ ಮೇಲೆ ಹೆಡ್‌ಫೋನ್ ಮರೆತಿದ್ದು ನೆನಪಾಗುವವರಿಗೆ, ನೋಡೋದಕ್ಕಿಂತ ಓದೋದೇ ಬೇಗ ಮುಗಿಯುತ್ತೆ ಅನ್ನುವವರಿಗೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಮೊದಲು ಒಂದು ಸಣ್ಣ ಕೆಲಸ. ಕೆಳಗೆ ಪಾರ್ಕಿಂಗ್‌ನಲ್ಲಿ ನಿಂತಿರೋ ನಿಮ್ಮ ಬೈಕನ್ನ ಒಮ್ಮೆ ನೆನಪಿಸಿಕೊಳ್ಳಿ. ಅದಕ್ಕೆ ಕನ್ನಡಿ ಎಷ್ಟಿವೆ? ಎರಡಾ? ಒಂದಾ? ಒಂದೂ ಇಲ್ವಾ?

ನನ್ನ ಬೈಕಿಗೆ ಬಹಳ ದಿನ ಒಂದೇ ಇತ್ತು, ಬಲಗಡೆಯದು. ಎಡಗಡೆಯದನ್ನ ನಾನೇ ಬಿಚ್ಚಿಟ್ಟಿದ್ದೆ. ಸಂಜೆ ಆರೂವರೆಗೆ ಕೊತ್ತಗುಡ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಎರಡು ಕಾರುಗಳ ನಡುವೆ ಹ್ಯಾಂಡಲ್ ತೂರುತ್ತೆ, ಕನ್ನಡಿ ತೂರಲ್ಲ. ಹಾಗಾದ್ರೆ ಬಲಗಡೆಯದನ್ನ ಯಾಕೆ ಉಳಿಸಿದ್ದೆ? ನಿಜ ಹೇಳಬೇಕಂದ್ರೆ, ಹೆಲ್ಮೆಟ್ ತೆಗೆದ ಮೇಲೆ ಕೂದಲು ಸರಿಮಾಡ್ಕೊಳ್ಳೋಕೆ. ಬೇಲೂರಿನ ದರ್ಪಣ ಸುಂದರಿ ಒಂಬೈನೂರು ವರ್ಷದಿಂದ ಕನ್ನಡಿ ಹಿಡಿದು ತನ್ನ ಮುಖ ತಾನೇ ನೋಡ್ಕೋತಾ ನಿಂತಿದ್ದಾಳಲ್ಲ, ನಾನೂ ಅದೇ ಗುಂಪು.

2021ರ ಶುರುವಿನಲ್ಲಿ ಫೋನಿಗೆ ಒಂದು ಚಲನ್ ಬಂತು. ರಸ್ತೆ ಪಕ್ಕ ನಿಂತ ಟ್ರಾಫಿಕ್ ಪೊಲೀಸ್ ನನ್ನ ಬೆನ್ನ ಹಿಂದಿನಿಂದ ತೆಗೆದ ಫೋಟೋ. ಕನ್ನಡಿ ಇಲ್ಲ ಅಂತ 100 ರೂಪಾಯಿ, ಅದರ ಮೇಲೆ ಬಳಕೆ ಶುಲ್ಕ 35. ಆ ತಿಂಗಳುಗಳಲ್ಲಿ ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಕನ್ನಡಿ ಇಲ್ಲದ ಬೈಕುಗಳನ್ನ ಹುಡುಕಿ ಹುಡುಕಿ ಹಿಡೀತಿದ್ರು. ನಾನು ಕಟ್ಟಲಿಲ್ಲ. 2022ರ ಮಾರ್ಚ್‌ನಲ್ಲಿ ತೆಲಂಗಾಣ ಸರ್ಕಾರ ಬಾಕಿ ಚಲನ್‌ಗಳಿಗೆ ರಿಯಾಯಿತಿ ಘೋಷಿಸಿತು. ಬೈಕಿನವರು ಕಾಲು ಭಾಗ ಕಟ್ಟಿದ್ರೆ ಸಾಕು. ಹಬ್ಬದ ಸೇಲ್‌ನಲ್ಲಿ ಶರ್ಟ್ ತಗೊಂಡ ಖುಷಿಯಲ್ಲಿ ಕಟ್ಟಿದೆ. ಕಟ್ಟಿ, ಮನೆಯಲ್ಲಿ ಜಂಬವನ್ನೂ ಕೊಚ್ಚಿಕೊಂಡೆ.

ಆ ದಿನ ಮನೆಯಲ್ಲಿ ನಮ್ಮ ಕಾಕಾ ಇದ್ದರು. ಶಹಾಬಾದ್ ಕಡೆಯವರು, ಕಣ್ಣು ತೋರಿಸಲು ಊರಿಂದ ಬಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಎಡಗಾಲು ಸ್ವಲ್ಪ ಎಳೆದು ನಡೀತಾರೆ. ನನ್ನ ಮಾತು ಕೇಳಿ ಏನೂ ಅನ್ನಲಿಲ್ಲ. ಸಂಜೆ ಕೆಳಗೆ ಇಳಿದಾಗ ಬೈಕಿನ ಸುತ್ತ ಒಂದು ಸುತ್ತು ಹಾಕಿ ಕೇಳಿದರು:

"ಎಡಗಡಿ ಕನ್ನಡಿ ಎಲ್ಲಿ ಹೋಗ್ಯಾದೋ ತಮ್ಮ?"

"ಬಿಚ್ಚಿ ಇಟ್ಟೀನಿ ಕಾಕಾ. ಟ್ರಾಫಿಕ್‌ನಾಗ ತಾಗ್ತದ."

"ಹಂಗಾದ್ರ ಎಡಗಡಿ ಯಾರ್ ನೋಡ್ತಾರ? ಕ್ಲೀನರ್ ಇಟ್ಟೀಯೇನು?"

ನಾನು ನಕ್ಕೆ. ಅವರು ನಗಲಿಲ್ಲ. ಯಾಕೆ ನಗಲಿಲ್ಲ ಅನ್ನೋದು ಕೊನೆಗೆ ಬರುತ್ತೆ. ಆದ್ರೆ ಆ ಪ್ರಶ್ನೆ ನನ್ನ ಬಿಡಲಿಲ್ಲ. ಕನ್ನಡಿಗೂ ಕ್ಲೀನರ್‌ಗೂ ಏನು ಸಂಬಂಧ ಅಂತ ಹುಡುಕುತ್ತಾ ಹೋದೆ. ಇಡೀ ಇತಿಹಾಸವೇ ಆ ಪ್ರಶ್ನೆಯೊಳಗೆ ಇತ್ತು.

ಮನುಷ್ಯನ ಜಾಗಕ್ಕೆ ಬಂದ ಗಾಜು

ಕಾರು ಹೊಸದಾಗಿ ಬಂದ ಕಾಲದಲ್ಲಿ ಹಿಂದೆ ನೋಡೋಕೆ ಕನ್ನಡಿ ಇರಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. 1909ರಲ್ಲಿ ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ರೇಸ್ ಚಾಲಕಿ, ಕಾರು ಓಡಿಸುವ ಹೆಂಗಸರಿಗಾಗಿ ಒಂದು ಪುಸ್ತಕ ಬರೆದರು. ಅದರಲ್ಲಿ ಕೈಗನ್ನಡಿಯೊಂದನ್ನು ಜೊತೆಗಿಟ್ಟುಕೊಳ್ಳಿ, ಆಗಾಗ ಎತ್ತಿ ಹಿಡಿದರೆ ಹಿಂದಿನ ರಸ್ತೆ ಕಾಣುತ್ತದೆ ಎಂಬ ಸಲಹೆ ಇತ್ತು.

ಎರಡು ವರ್ಷದ ಮೇಲೆ, 1911ರ ಮೇ 30ರಂದು, ಅಮೆರಿಕದಲ್ಲಿ ಮೊದಲ ಇಂಡಿಯಾನಾಪೊಲಿಸ್ 500 ರೇಸ್ ನಡೀತು. ಆಗ ರೇಸ್ ಕಾರಿನಲ್ಲಿ ಇಬ್ಬರು ಕೂರುತ್ತಿದ್ದರು. ಒಬ್ಬ ಚಾಲಕ, ಇನ್ನೊಬ್ಬ ಮೆಕ್ಯಾನಿಕ್. ಮೆಕ್ಯಾನಿಕ್‌ನ ಕೆಲಸಗಳಲ್ಲಿ ಒಂದು, ತಿರುಗಿ ತಿರುಗಿ ನೋಡಿ ಹಿಂದೆ ಯಾರು ಬರ್ತಿದ್ದಾರೆ ಅಂತ ಹೇಳೋದು. ರೇ ಹ್ಯಾರೂನ್ ಎಂಬಾತ ಮಾತ್ರ ಒಬ್ಬನೇ ಕೂರುವ ಕಾರು ತಂದ. ತೂಕ ಕಡಿಮೆ, ವೇಗ ಜಾಸ್ತಿ. ಉಳಿದ ಚಾಲಕರು ತಕರಾರು ತೆಗೆದರು. ಹಿಂದೆ ನೋಡೋರು ಇಲ್ಲದ ಕಾರು ನಮಗೆಲ್ಲ ಅಪಾಯ ಅಂತ. ಹ್ಯಾರೂನ್ ಕಾರಿನ ಮುಂಭಾಗಕ್ಕೆ ಕಂಬ ನಿಲ್ಲಿಸಿ ಒಂದು ಕನ್ನಡಿ ಕೂರಿಸಿದ. ರೇಸನ್ನೂ ಗೆದ್ದ. ಇಟ್ಟಿಗೆ ಹಾಸಿನ ಟ್ರ್ಯಾಕ್ ಮೇಲೆ ಅದು ಅಷ್ಟೊಂದು ಅಲುಗಾಡ್ತಿತ್ತು, ನನಗೇನೂ ಕಾಣಲೇ ಇಲ್ಲ ಅಂತ ಆಮೇಲೆ ಆತನೇ ಒಪ್ಪಿಕೊಂಡ.

ಅಂದ್ರೆ ವಾಹನದ ಕನ್ನಡಿ ಹೆಸರು ಮಾಡಿದ್ದೇ ಒಬ್ಬ ಮನುಷ್ಯನ ಜಾಗ ತುಂಬುವ ವಸ್ತುವಾಗಿ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೂ ಒಂದು ತಮಾಷೆ ಇದೆ. 1921ರಲ್ಲಿ ಎಲ್ಮರ್ ಬರ್ಗರ್ ಎಂಬಾತ ಇದೇ ಕನ್ನಡಿಗೆ ಪೇಟೆಂಟ್ ಪಡೆದು ಮಾರೋಕೆ ಶುರು ಮಾಡಿದ. ಅದಕ್ಕೆ ಇಟ್ಟ ಹೆಸರು 'ಕಾಪ್ ಸ್ಪಾಟರ್'. ಹಿಂದೆ ಪೊಲೀಸ್ ಬಂದ್ರೆ ಮೊದಲೇ ಗೊತ್ತಾಗ್ಲಿ ಅಂತ! ಪೊಲೀಸರಿಂದ ತಪ್ಪಿಸಿಕೊಳ್ಳಲು ಮಾರಿದ ವಸ್ತು ಇಲ್ಲ ಅಂತ ಇವತ್ತು ಪೊಲೀಸರು ಹಿಂದಿನಿಂದ ಫೋಟೋ ತೆಗೀತಾರೆ.

ನಮ್ಮ ಕಡೆ ಗಾಜು ದುಬಾರಿ, ಮನುಷ್ಯ ಅಗ್ಗ

ಈಗ ಹೈದರಾಬಾದಿಗೆ ಬರೋಣ. ಚೌಮಹಲ್ಲಾ ಅರಮನೆಗೆ ಹೋದವರು ಹಳದಿ ಬಣ್ಣದ 1912ರ ರೋಲ್ಸ್ ರಾಯ್ಸ್ ನೋಡಿರ್ತೀರಿ. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ತರಿಸಲು ಹೇಳಿದ್ದು, ಕಾರು ಬರುವಷ್ಟರಲ್ಲಿ ಅವರೇ ತೀರಿಹೋಗಿದ್ದರು. ಸಿಂಹಾಸನದಂಥ ಸೀಟಿನ ಮೆರವಣಿಗೆ ಕಾರು. ಅಂಥ ಕಾರು ರಸ್ತೆಗಿಳಿದ್ರೆ ಹಿಂದೆ ಯಾರು ಬರ್ತಾರೆ ಅನ್ನೋ ಚಿಂತೆ ಚಾಲಕನಿಗೆ ಯಾಕೆ? ದಾರಿ ಬಿಡೋದು ಉಳಿದವರ ಕೆಲಸ.

ಸಾಮಾನ್ಯರ ಮೋಟಾರು ಬಂದದ್ದು 1932ರಲ್ಲಿ. ನಿಜಾಮ್ ಸ್ಟೇಟ್ ರೈಲ್ವೆಯವರು ರಸ್ತೆ ಸಾರಿಗೆ ವಿಭಾಗ ಶುರು ಮಾಡಿದಾಗ ಇದ್ದದ್ದು 27 ಬಸ್, 166 ನೌಕರರು. ಈಗಲೂ ಇಲ್ಲಿನ ಸರ್ಕಾರಿ ಬಸ್ಸಿನ ನಂಬರ್‌ನಲ್ಲಿ 'ಝಡ್' ಅಕ್ಷರ ಇರೋದನ್ನ ಗಮನಿಸಿ. ಅದು ಏಳನೇ ನಿಜಾಮರ ತಾಯಿ ಝಹ್ರಾ ಬೇಗಂ ನೆನಪಿಗೆ ಅಂತ ಹೇಳ್ತಾರೆ. ಆಗ ನಮ್ಮ ಕಲಬುರಗಿ, ಬೀದರ್, ರಾಯಚೂರು ಎಲ್ಲ ಇದೇ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯ ಹಂಚಿಕೆಯಾದಾಗ ಜಿಲ್ಲೆಗಳ ಜೊತೆ ಬಸ್ಸಿನ ದಾರಿಗಳೂ ಹಂಚಿಹೋದವು. ನಮ್ಮಲ್ಲಿ ಕೆಲವರಿಗೆ ಹೈದರಾಬಾದ್ ಹೊಸ ಊರು. ನಮ್ಮ ಅಜ್ಜಂದಿರಿಗೆ ಮಾತ್ರ ಇದು ರಾಜಧಾನಿ.

166 ನೌಕರರಲ್ಲಿ ವರ್ಕ್‌ಶಾಪಿನವರು, ಗುಮಾಸ್ತರು ಎಲ್ಲ ಸೇರಿದ್ದರು ಅಂದುಕೊಂಡ್ರೂ ಒಂದು ಬಸ್ಸಿಗೆ ಆರು ಜನ. ಮನುಷ್ಯರಿಗೆ ಕೊರತೆ ಇರಲಿಲ್ಲ. ಬಸ್ಸಿನ ಹಿಂಭಾಗದ ಕಣ್ಣು ಕಂಡಕ್ಟರ್. ಬಾಗಿಲಲ್ಲಿ ನಿಂತು ಸೀಟಿ ಊದಿ 'ರೈಟ್' ಅಂದ್ರೆ ಹೊರಡಬೇಕು, 'ಹೋಲ್ಡಾನ್' ಅಂದ್ರೆ ನಿಲ್ಲಬೇಕು. ಲಾರಿಯ ಕಣ್ಣು ಕ್ಲೀನರ್. ನಮ್ಮ ದೇಶದಲ್ಲಿ ಚಾಲಕ ಕೂರೋದು ಬಲಗಡೆ, ಆದ್ದರಿಂದ ಎಡಗಡೆ ಪೂರ್ತಿ ಕುರುಡು. ಆ ಕುರುಡು ಬದಿಗೆ ಕೂತು, ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾಗಿಲಿಗೆ ಬಡಿದು 'ಹೋಗ್ಲಿ', 'ತಡಿ' ಅಂತ ಹೇಳೋದೇ ಕ್ಲೀನರ್‌ನ ಅರ್ಧ ಕೆಲಸ.

ಇದರ ಹಿಂದೆ ಇನ್ನೊಂದು ಕಾರಣವೂ ಇತ್ತು. ಕಂಪನಿಯಿಂದ ಲಾರಿ ಪೂರ್ತಿ ಲಾರಿಯಾಗಿ ಬರ್ತಿರಲಿಲ್ಲ. ಎಂಜಿನ್, ಚಾಸಿ, ಸ್ಟೀರಿಂಗ್ ಇಷ್ಟೇ. ಕ್ಯಾಬಿನ್ನು, ಬಾಡಿ ಎಲ್ಲ ಊರೂರಿನ ಬಾಡಿ ಕಟ್ಟುವ ಶೆಡ್‌ನಲ್ಲಿ ಆಗ್ತಿತ್ತು. ಲಕ್ಷ್ಮಿ, ವೆಂಕಟೇಶ್ವರ, ನವಿಲು, ಕಮಲ ಎಲ್ಲ ಬರೆಸುವ ಮಾಲೀಕ ಕನ್ನಡಿಯ ಹೊತ್ತಿಗೆ ಕೈ ಬಿಗಿ ಹಿಡೀತಿದ್ದ.

ಹಿಂದಿನವನನ್ನ ಮುಂದಿನವನು ನೋಡದಿದ್ರೆ ಏನಾಗುತ್ತೆ? ನೋಡಿಸಿಕೊಳ್ಳುವ ಹೊಣೆ ಹಿಂದಿನವನ ತಲೆಗೇ ಬರುತ್ತೆ. ನಮ್ಮ ಲಾರಿಗಳ ಬೆನ್ನ ಮೇಲೆ 'ಸೌಂಡ್ ಹಾರ್ನ್', 'ಹಾರ್ನ್ ಓಕೆ ಪ್ಲೀಸ್' ಅಂತ ಬರೆದಿರೋದನ್ನ ನಾನು ಹೀಗೇ ಓದ್ತೀನಿ: ನನಗೆ ನೀನು ಕಾಣಲ್ಲ, ಕೂಗು. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಆ ಬರಹವನ್ನ ನಿಷೇಧಿಸಿತು. ಬರಹ ಅಳಿಸಬಹುದು, ಅಭ್ಯಾಸ ಅಷ್ಟು ಸುಲಭಕ್ಕೆ ಹೋಗಲ್ಲ. ಇವತ್ತಿಗೂ ಗಚ್ಚಿಬೌಲಿಯಲ್ಲಿ ನಾವು ಹಾರ್ನ್ ಹೊಡೆಯೋದು ಅದೇ ಕಾರಣಕ್ಕೆ ಅಲ್ವಾ?

ಕಾನೂನು ಏನು ಹೇಳ್ತಿತ್ತು?

ಕಾನೂನೇ ಇರಲಿಲ್ಲವಾ? ಇತ್ತು. ಇಲ್ಲಿಂದ ಸ್ವಲ್ಪ ಒಣ ವಿಷಯ, ಆದ್ರೆ ನಮ್ಮ ಸಾಫ್ಟ್‌ವೇರ್ ಜನಕ್ಕೆ ಬೇಗ ಅರ್ಥ ಆಗುತ್ತೆ.

ದೇಶಕ್ಕೆಲ್ಲ ಒಂದೇ ಮೋಟಾರು ಕಾಯ್ದೆ ಅಂತ ಮೊದಲು ಬಂದದ್ದು 1914ರಲ್ಲಿ. ಅದರ ಜಾಗಕ್ಕೆ 1939ರ ಮೋಟಾರು ವಾಹನ ಕಾಯ್ದೆ ಬಂತು. ಅದರ 70ನೇ ಸೆಕ್ಷನ್ ವಾಹನ ಹೇಗಿರಬೇಕು, ಅದರಲ್ಲಿ ಏನೇನು ಇರಬೇಕು ಅಂತ ನಿಯಮ ಮಾಡುವ ಅಧಿಕಾರವನ್ನ ಪ್ರಾಂತ್ಯಗಳಿಗೆ, ಆಮೇಲೆ ರಾಜ್ಯಗಳಿಗೆ ಕೊಟ್ಟಿತು. ಹೈದರಾಬಾದ್ ಭಾರತಕ್ಕೆ ಸೇರಿದ ಮೇಲೆ ಆ ಕಾಯ್ದೆ ಇಲ್ಲಿಗೂ ಬಂತು. ಮೈಸೂರು ರಾಜ್ಯ 1963ರಲ್ಲಿ, ಆಂಧ್ರಪ್ರದೇಶ 1964ರಲ್ಲಿ ತಮ್ಮ ತಮ್ಮ ನಿಯಮಾವಳಿ ಮಾಡಿಕೊಂಡವು. ಶಹಾಬಾದಿನ ಕಲ್ಲು ತುಂಬಿದ ಲಾರಿ ಸೇಡಂ ದಾಟಿ ಗಡಿ ಹೊಕ್ಕರೆ ನಿಯಮದ ಪುಸ್ತಕವೇ ಬದಲು. ಲಾರಿ ಅದೇ, ಕನ್ನಡಿಯೂ ಅದೇ.

ಇಂಥ ರಾಜ್ಯ ನಿಯಮಗಳ ಕನ್ನಡಿ ವಿಷಯದ ತಿರುಳು ಸರಳ: ಹಿಂದಿನಿಂದ ದಾಟಿ ಹೋಗಬೇಕೆನ್ನುವ ವಾಹನ ಚಾಲಕನಿಗೆ ತಿಳಿಯುವ ಹಾಗೆ ಕನ್ನಡಿ ಇರಬೇಕು. ಲಾರಿ, ಬಸ್ಸುಗಳಿಗೆ ಅದು ಹೊರಗಡೆಯೇ ಇರಬೇಕು. ಕಾಗದದ ಮೇಲೆ ನೋಡಿ, ಎಷ್ಟು ಸಭ್ಯವಾದ ಮಾತು! ಮುಂದೆ ಹೋಗ್ತಿರೋನು ಹಿಂದೆ ಬರ್ತಿರೋನ ಅವಸರವನ್ನ ಗಮನಿಸಬೇಕು. ರಸ್ತೆಯ ಮೇಲೆ ನಡೆದದ್ದು ಅದರ ತಿರುವುಮುರುವು.

1988ರಲ್ಲಿ ಹೊಸ ಕಾಯ್ದೆ ಬಂತು, 1989ರ ಜುಲೈ 1ರಿಂದ ಜಾರಿಯಾಯಿತು. ವಾಹನದ ರಚನೆ, ಸಲಕರಣೆಗಳ ವಿಷಯ 110ನೇ ಸೆಕ್ಷನ್ ಮೂಲಕ ಕೇಂದ್ರದ ಕೈಗೆ ಹೋಯಿತು. ಅದರಲ್ಲಿ ಉಳಿದದ್ದು ಮಾತ್ರ ರಾಜ್ಯಕ್ಕೆ. ಈಗ ಕನ್ನಡಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ ಜೊತೆ ಎರಡು ತಾಂತ್ರಿಕ ಮಾನದಂಡಗಳಿವೆ: ಎಐಎಸ್ 001, ಎಐಎಸ್ 002. ಒಂದು ಕನ್ನಡಿ ಹೇಗಿರಬೇಕು ಅನ್ನುತ್ತೆ, ಇನ್ನೊಂದು ಎಲ್ಲಿ ಕೂರಿಸಬೇಕು ಅನ್ನುತ್ತೆ. ಲೋಲಕ ಬಡಿದು ಕನ್ನಡಿಯನ್ನ ಪರೀಕ್ಷೆ ಮಾಡುವ ಕ್ರಮವೂ ಇದೆ, ಯಾಕಂದ್ರೆ ಯಾರಿಗಾದ್ರೂ ತಾಗಿದ್ರೆ ಅದು ಈಟಿಯಂತೆ ನಿಲ್ಲಬಾರದು.

ಹಾಗಂತ ಎಡಗಡೆಯ ಕುರುಡು ಪೂರ್ತಿ ಹೋಯ್ತು ಅಂದ್ಕೋಬೇಡಿ. ನಮ್ಮ ಎಷ್ಟೋ ಕಾರುಗಳ ಅಗ್ಗದ ಮಾದರಿಗಳಲ್ಲಿ ಎಡಗಡೆ ಕನ್ನಡಿ ಬಹಳ ವರ್ಷ ಬರ್ತಿರಲಿಲ್ಲ. 2009ರಲ್ಲಿ ಟಾಟಾ ನ್ಯಾನೋ ಮಾರುಕಟ್ಟೆಗೆ ಬಂದಾಗ ಹೊರಗನ್ನಡಿ ಒಂದೇ, ಚಾಲಕನ ಬದಿಗೆ. ಬೆಲೆ ಇಳಿಸೋಕೆ ಏನೇನು ಬಿಡಬಹುದು ಅಂತ ಪಟ್ಟಿ ಮಾಡಿದಾಗ ಎಡಗನ್ನಡಿ ಪಟ್ಟಿಯ ಮೇಲ್ಭಾಗಕ್ಕೇ ಬರ್ತಿತ್ತು ಅಂತ ಕಾಣುತ್ತೆ. ಕಾನೂನೂ ಅದಕ್ಕೆ ಅಡ್ಡ ಬರಲಿಲ್ಲ.

ನಿಯಮ ಕೇಂದ್ರದ್ದಾದ್ರೆ ದಂಡ ಯಾಕೆ ಊರಿಗೊಂದು? 2019ರ ತಿದ್ದುಪಡಿ 177ನೇ ಸೆಕ್ಷನ್‌ನ ಸಾಮಾನ್ಯ ದಂಡವನ್ನ 100ರಿಂದ 500ಕ್ಕೆ ಏರಿಸಿತು. ಆದ್ರೆ ಸ್ಥಳದಲ್ಲೇ ರಾಜಿ ಮಾಡಿಕೊಳ್ಳುವ ಮೊತ್ತ ನಿಗದಿ ಮಾಡೋದು 200ನೇ ಸೆಕ್ಷನ್ ಪ್ರಕಾರ ರಾಜ್ಯ. ತೆಲಂಗಾಣ ಹೊಸ ದಂಡಗಳನ್ನ ಜಾರಿಗೆ ತರಲಿಲ್ಲ. ಹಾಗಾಗಿ 2021ರಲ್ಲಿ ಅದೇ ತಪ್ಪಿಗೆ ಬೆಂಗಳೂರಿನಲ್ಲಿ 500, ಇಲ್ಲಿ 100 ಇತ್ತು. ಸ್ಪೆಸಿಫಿಕೇಶನ್ ದೆಹಲಿಯದು, ಬೆಲೆಪಟ್ಟಿ ಲೋಕಲ್. ಮೇಲಿಂದ ರಿಯಾಯಿತಿ ಬೇರೆ: 2022ರ ಮಾರ್ಚ್‌ನಲ್ಲಿ ಬೈಕಿಗೆ ಶೇ. 75, 2023ರ ಡಿಸೆಂಬರ್‌ನಲ್ಲಿ ಶೇ. 80. ಕನ್ನಡಿ ಕೊಳ್ಳೋದಕ್ಕಿಂತ ಕೊಳ್ಳದೇ ಇರೋದೇ ಲಾಭ ಅನ್ನೋ ಲೆಕ್ಕ ನನ್ನಂಥವನಿಗೆ ಹೊಳೆಯದೆ ಇರುತ್ತಾ?

ಕಾಕಾ ನಗಲಿಲ್ಲ ಯಾಕೆ

ಆ ರಾತ್ರಿ ಊಟ ಆದ ಮೇಲೆ ಕಾಕಾ ಹೇಳಿದ್ದನ್ನ ನಾನು ಮೊದಲ ಸಲ ಕೇಳಿದ್ದು. ಎಡಗಾಲು ಯಾಕೆ ಹಾಗೆ ಅಂತ ಚಿಕ್ಕಂದಿನಲ್ಲಿ ಕೇಳಿದಾಗಲೆಲ್ಲ 'ಕಲ್ಲು ಬಿದ್ದಿತ್ತು' ಅಂತಷ್ಟೇ ಅಂದಿದ್ದರು.

ಎಂಬತ್ತರ ದಶಕದ ಮಾತು. ಕಾಕಾ ಕಲ್ಲಿನ ಲಾರಿಯ ಕ್ಲೀನರ್. ಶಹಾಬಾದಿನಿಂದ ಫರಸಿ ಕಲ್ಲು ತುಂಬಿಕೊಂಡು ರಾತ್ರಿ ಹೊರಟು, ಬೆಳಗಿನ ಜಾವ ಹೈದರಾಬಾದಿನ ಹೊರವಲಯದ ಕಲ್ಲಿನ ಅಂಗಳದಲ್ಲಿ ಇಳಿಸೋದು. ಲಾರಿಗೆ ಇದ್ದದ್ದು ಬಲಗಡೆ ಒಂದೇ ಕನ್ನಡಿ, ಅದೂ ಒಡೆದದ್ದು, ಹಳೇ ಟ್ಯೂಬಿನ ಪಟ್ಟಿ ಸುತ್ತಿ ನಿಲ್ಲಿಸಿದ್ದು. ಎಡಗಡೆ ಬರೀ ಕಬ್ಬಿಣದ ಕಡ್ಡಿ. ಎಫ್‌ಸಿ ಮಾಡಿಸೋ ದಿನ ಮಾತ್ರ ಮಾಲೀಕ ಎರಡೂ ಬದಿಗೆ ಕನ್ನಡಿ ಹಾಕಿಸ್ತಿದ್ದ. ಮಾರನೇ ದಿನ ಅವೇ ಕನ್ನಡಿ ಇನ್ನೊಂದು ಲಾರಿಯ ಎಫ್‌ಸಿಗೆ ಹೋಗ್ತಿದ್ದವು.

ಒಂದು ನಸುಕಿನಲ್ಲಿ ಲಾರಿ ಹಿಂದಕ್ಕೆ ತಗೋತಿತ್ತು. ಕಾಕಾ ಇಳಿದು ಎಡಗಡೆ ಹಿಂಭಾಗದಲ್ಲಿ ನಿಂತು ಯಾವತ್ತಿನಂತೆ ಕೂಗ್ತಿದ್ದರು: "ಬರ್ಲಿ, ಬರ್ಲಿ, ಬರ್ಲಿ..." ಒದ್ದೆ ಕಲ್ಲು, ಕಾಲು ಜಾರಿತು. 'ತಡಿ' ಅಂತ ಕೂಗಿದ್ದು ಎಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಎಡಗಡೆ ಡ್ರೈವರ್‌ಗೆ ಕಾಣುವಂಥದ್ದು ಏನೂ ಇರಲಿಲ್ಲ. ಚಕ್ರಕ್ಕೂ ಕಲ್ಲಿನ ಅಟ್ಟಿಗೂ ನಡುವೆ ಪಾದ ಸಿಕ್ಕಿತು. ಮೂರು ಬೆರಳು ಹೋದವು.

"ಡ್ರೈವರಂದು ತಪ್ಪಿಲ್ಲೋ ತಮ್ಮ. ಅಂವ ಆರು ತಿಂಗಳಿಂದ ಕನ್ನಡಿ ಕೇಳ್ಲತ್ತಿದ್ದ. ಮಾಲಕ ನನ್ನ ಕಡಿ ಬೊಟ್ಟು ಮಾಡಿ ಅಂದಾ, ಇಂವ ಅದಾನಲ್ಲ, ಕನ್ನಡಿ ಯಾಕ? ನನಗೂ ಅಂದಾ, ನೀ ಇದ್ದೀಯಲ್ಲ, ಕನ್ನಡಿ ಯಾಕ?"

ನಾನು ಹ್ಯಾರೂನ್ ಕಥೆ ಓದಿದ್ದು ಇದಾದ ಮೇಲೆ. ಅಲ್ಲಿ ಮನುಷ್ಯ ಇಲ್ಲ ಅಂತ ಕನ್ನಡಿ ಬಂತು. ಇಲ್ಲಿ ಮನುಷ್ಯ ಇದ್ದಾನೆ ಅಂತ ಕನ್ನಡಿ ಬರಲಿಲ್ಲ. ನಿಯಮ ಎರಡೂ ರಾಜ್ಯದ ಪುಸ್ತಕದಲ್ಲಿತ್ತು. ಆದ್ರೆ ಕನ್ನಡಿ ಒಡೆದ್ರೆ ಮಾಲೀಕನ ಜೇಬಿನಿಂದ ದುಡ್ಡು ಹೋಗುತ್ತೆ, ಕ್ಲೀನರ್‌ನ ಕಾಲು ಹೋದ್ರೆ ಹೋಗಲ್ಲ. ಆಸ್ಪತ್ರೆ ಖರ್ಚು ಅರ್ಧ ಕೊಟ್ಟು ಮಾಲೀಕ ಕೈತೊಳೆದುಕೊಂಡ. ಕಾಕಾ ಊರಿಗೆ ಬಂದು ಕಿರಾಣಿ ಅಂಗಡಿ ಇಟ್ಟರು.

ಈಗ ಯಾರು ನೋಡ್ತಾರೆ?

ಈಗಿನ ಕಾರುಗಳು 'ಬರ್ಲಿ ಬರ್ಲಿ' ಅನ್ನೋದನ್ನ ತಾವೇ ಕಲಿತಿವೆ. 2019ರ ಜುಲೈನಿಂದ ನಮ್ಮಲ್ಲಿ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಬೀಪ್ ಬೀಪ್ ಅನ್ನುತ್ತಲ್ಲ, ಅದು ಕ್ಲೀನರ್‌ನ ದನಿಯೇ. ಜಪಾನ್ 2016ರಲ್ಲಿ ಕನ್ನಡಿಯೇ ಇಲ್ಲದೆ ಬರೀ ಕ್ಯಾಮೆರಾ ಇರುವ ಕಾರಿಗೂ ಅನುಮತಿ ಕೊಟ್ಟಿತು. ಇಂಥ ವಾಹನ ಸಾಫ್ಟ್‌ವೇರ್ ಕೆಲಸ ಮಾಡೋರು ನಮ್ಮ ಮಾಧಾಪುರ, ಗಚ್ಚಿಬೌಲಿಯ ಆಫೀಸುಗಳಲ್ಲೇ ಇದ್ದಾರೆ, ನಿಮ್ಮಲ್ಲೂ ಕೆಲವರು ಇರಬಹುದು. ಹಗಲೆಲ್ಲ ಯಾವುದೋ ದೇಶದ ಕಾರಿಗೆ ಹಿಂದೆ ನೋಡೋದನ್ನ ಕಲಿಸಿ, ಸಂಜೆ ಕನ್ನಡಿ ಬಿಚ್ಚಿದ ಬೈಕ್ ಹತ್ತಿ ಮನೆಗೆ ಹೋಗೋರು.

ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಆ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ ಸುಮಾರು 75,000 ಜನ ದ್ವಿಚಕ್ರ ವಾಹನದವರು. ಡಿಕ್ಕಿಯ ಬಗೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು 'ಹಿಂದಿನಿಂದ ಗುದ್ದಿದ್ದು', ಐದರಲ್ಲಿ ಒಂದಕ್ಕಿಂತ ಜಾಸ್ತಿ. ಕನ್ನಡಿ ಇದ್ದಿದ್ರೆ ಇವರೆಲ್ಲ ಬದುಕ್ತಿದ್ರು ಅಂತ ನಾನು ಹೇಳ್ತಿಲ್ಲ. ಹಿಂದಿನವನು ಕುಡಿದಿದ್ರೆ, ನಿದ್ದೆ ಹೋಗಿದ್ರೆ ನನ್ನ ಕನ್ನಡಿ ಏನು ಮಾಡುತ್ತೆ? ಆದ್ರೆ ಲೇನ್ ಬದಲಿಸುವ ಮೊದಲು ಎಡಗಡೆ ಬಸ್ ಬರ್ತಿದೆ ಅಂತ ಗೊತ್ತಾಗೋದಕ್ಕೂ ಗೊತ್ತಾಗದೇ ಇರೋದಕ್ಕೂ ವ್ಯತ್ಯಾಸ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಸರಿ. ಬೆನ್ನ ಹಿಂದಿನ ಬಸ್ಸಿಗೆ ಬೇಕೇ ಬೇಕು.

ಮಾರನೇ ದಿನ ಶನಿವಾರ. ಕಾಕಾನ ಜೊತೆ ಪುತ್ಲಿಬೌಲಿಗೆ ಹೋಗಿ ಒಂದು ಜೊತೆ ಕನ್ನಡಿ ತಂದೆ. ಅಂಗಡಿಯ ಹುಡುಗ ಎರಡು ನಿಮಿಷದಲ್ಲಿ ಕೂರಿಸಿಕೊಟ್ಟ. ನಾನು ಸೀಟಿನ ಮೇಲೆ ಕೂತು ಕನ್ನಡಿ ತಿರುಗಿಸಿ, ಮುಖ ಸರಿಯಾಗಿ ಕಂಡ ಮೇಲೆ ಆಯ್ತು ಅಂದೆ. ಕಾಕಾ ಕೈ ಹಾಕಿ ಅದನ್ನ ಹೊರಗೆ ತಿರುಗಿಸಿದರು.

"ನಿನ್ನ ಮಾರಿ ಕಾಣಬಾರದು. ರಸ್ತಾ ಕಾಣಬೇಕು. ಈಗ ಹೇಳು, ನಾ ಎಲ್ಲಿ ಕಾಣ್ತೀನಿ?"

ಅವರು ಬೈಕಿನ ಎಡಗಡೆ ಹಿಂಭಾಗಕ್ಕೆ ನಡೆದು ಹೋದರು. ಸ್ವಲ್ಪ ಹೊತ್ತು ಕಾಣಲಿಲ್ಲ. ಆಮೇಲೆ ಕನ್ನಡಿಯ ಅಂಚಿನಲ್ಲಿ ಬಿಳಿ ಧೋತರ, ಎಳೆದಿಡುವ ಕಾಲು.

"ಕಾಣ್ಲತ್ತೀರಿ ಕಾಕಾ," ಅಂದೆ.

ಇಷ್ಟೇ ಸ್ನೇಹಿತರೇ ಈ ವಾರದ್ದು. ನಿಮ್ಮ ಮನೆಯಲ್ಲೂ ಲಾರಿ, ಬಸ್ಸು, ಟ್ಯಾಕ್ಸಿ ಕೆಲಸ ಮಾಡಿದ ಹಿರಿಯರಿದ್ರೆ ಈ ಭಾನುವಾರ ಫೋನ್ ಮಾಡಿ ಕೇಳಿ, ಆಗ ಹಿಂದೆ ಯಾರು ನೋಡ್ತಿದ್ರು ಅಂತ. ಕೆಳಗೆ ಇಳಿದಾಗ ಎಡಗಡೆಯನ್ನೂ ಒಮ್ಮೆ ನೋಡಿಕೊಳ್ಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.